ಮೂಕಿ ಎದ್ದರೆ ಕೆಟ್ಟಿತು: ನಲ್ಲರ್‌ಬಾರ್ ದಾರಿಗೆ ಕ್ಯಾರವಾನ್ ಕಟ್ಟುವ ಮುನ್ನ

ಎತ್ತಿನ ಗಾಡಿಗೆ ಹುಲ್ಲು ಹೇರಿ ಅಭ್ಯಾಸವಿದ್ದವರಿಗೆ ಕ್ಯಾರವಾನಿನ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಯ, ಮೊದಲ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರೆ ಹಿಂದಕ್ಕೆ ಬಿದ್ದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲೇಳುತ್ತದೆ, ಎತ್ತುಗಳ ಕೊರಳಹಗ್ಗ ಬಿಗಿಯುತ್ತದೆ. ಮುಂದಕ್ಕೆ ಬಿದ್ದರೆ ನೊಗ ಹೆಗಲನ್ನು ಅಮುಕಿ ಹುಣ್ಣು ಮಾಡುತ್ತದೆ. ಎರಡರ ನಡುವೆ ಒಂದು ಹದವಿದೆ. ಹಳ್ಳಿಯಲ್ಲಿ ಆ ಹದವನ್ನು ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ ತಿಳಿಯುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಅದಕ್ಕೊಂದು ಸಂಖ್ಯೆ ಕೊಟ್ಟಿದ್ದಾರೆ: ತುಂಬಿದ ಕ್ಯಾರವಾನಿನ ಒಟ್ಟು ತೂಕದ ಸುಮಾರು ಶೇ. 10ರಷ್ಟು ಭಾರ ಕಾರಿನ ಹಿಂದಿನ ಗುಂಡಿನ ಮೇಲೆ, ಅಂದರೆ ಟೋ ಬಾಲ್ ಮೇಲೆ ಕೂರಬೇಕು.

ದಕ್ಷಿಣ ಆಸ್ಟ್ರೇಲಿಯಾದ ಸೆಡೂನಾದಿಂದ ಪಶ್ಚಿಮ ಆಸ್ಟ್ರೇಲಿಯಾದ ನಾರ್ಸ್‌ಮನ್‌ವರೆಗೆ ಹೋಗುವ, ಏರ್ ಹೈವೇಯ ಭಾಗವಾದ ದಾರಿಗೆ ಕ್ಯಾರವಾನ್ ಒಯ್ಯುವ ಯಾರಿಗೇ ಆಗಲಿ ಮೊದಲು ಹೇಳಬೇಕಾದದ್ದು ಇದೇ. ದೂರ ಸುಮಾರು 1,200 ಕಿ.ಮೀ. ಎಡಗಡೆ ಗ್ರೇಟ್ ಆಸ್ಟ್ರೇಲಿಯನ್ ಬೈಟ್ ಎಂಬ ಕೊಲ್ಲಿ, ಬಲಗಡೆ ನಲ್ಲರ್‌ಬಾರ್ ಎಂಬ ಸುಣ್ಣಕಲ್ಲಿನ ಬಯಲು. ನಡುವೆ ಊರೆಂದು ಕರೆಯಬಹುದಾದದ್ದು ಇಲ್ಲವೇ ಇಲ್ಲ ಎನ್ನಬಹುದು. ಇರುವುದು ರೋಡ್‌ಹೌಸ್‌ಗಳು: ಪೆಟ್ರೋಲ್ ಬಂಕ್, ಹೋಟೆಲು, ನಾಲ್ಕು ಕೋಣೆ, ಹಿತ್ತಲಿನಲ್ಲಿ ಕ್ಯಾರವಾನ್ ನಿಲ್ಲಿಸುವ ಜಾಗ, ಎಲ್ಲ ಒಂದೇ ಸೂರಿನಡಿ.

ಈ ದಾರಿಯ ಬಗ್ಗೆ ಎರಡು ತರಹದ ಮಾತು ಕೇಳಿಬರುತ್ತದೆ. ಒಂದು, ಅದು ಭಯಂಕರ ಮರುಭೂಮಿ, ಫೋರ್ ವೀಲ್ ಡ್ರೈವ್ ಇಲ್ಲದೆ ಆಗದು. ಇನ್ನೊಂದು, ಅದು ಬರೀ ಬೇಜಾರಿನ ದಾರಿ, ಕಣ್ಣು ಮುಚ್ಚಿಕೊಂಡು ದಾಟಬಹುದು. ಎರಡೂ ತಪ್ಪು. ಪಶ್ಚಿಮದ ಭಾಗಕ್ಕೆ 1969ರಲ್ಲಿ, ಪೂರ್ವದ ಭಾಗಕ್ಕೆ 1976ರಲ್ಲಿ ಟಾರು ಬಿದ್ದಾಗಿದೆ. ಸಣ್ಣ ಕಾರೂ ಆರಾಮವಾಗಿ ಹೋಗುತ್ತದೆ. ಆದರೆ ರಸ್ತೆ ಇಷ್ಟು ಚೆನ್ನಾಗಿರುವುದೇ ತೊಂದರೆ. ಕೆಟ್ಟ ರಸ್ತೆಯಲ್ಲಿ ಗಾಡಿಯ ದೋಷ ಹತ್ತು ಕಿಲೋಮೀಟರಿಗೇ ಗೊತ್ತಾಗಿ ನಿಲ್ಲಿಸುತ್ತೀರಿ. ಇಲ್ಲಿ ಅದೇ ದೋಷ ನಾಲ್ಕು ಗಂಟೆ ಸುಮ್ಮನಿದ್ದು, 95 ಕಿ.ಮೀ. ವೇಗದಲ್ಲಿ, ಅಡ್ಡಗಾಳಿಯಲ್ಲಿ, ಲಾರಿಯೊಂದು ಪಕ್ಕದಲ್ಲಿರುವಾಗ ಎದ್ದು ಕೂರುತ್ತದೆ. ನಲ್ಲರ್‌ಬಾರ್‌ನಲ್ಲಿ ಕೆಡುವುದರಲ್ಲಿ ಮುಕ್ಕಾಲು ಪಾಲು ಹೊರಡುವ ದಿನ ಮನೆಯಂಗಳದಲ್ಲೇ ಕೆಟ್ಟಿರುತ್ತದೆ.

ಹಾಗಾಗಿ ಅಂಗಳದಿಂದಲೇ ಶುರುಮಾಡೋಣ. ಕ್ಯಾರವಾನಿನ ಮೂತಿಯ ಹತ್ತಿರ ಒಂದು ತಗಡಿನ ಫಲಕವಿರುತ್ತದೆ. ಅದರಲ್ಲಿ ಟೇರ್ ಎಂದರೆ ಖಾಲಿ ತೂಕ, ಎಟಿಎಂ ಎಂದರೆ ಕಾನೂನು ಒಪ್ಪುವ ಗರಿಷ್ಠ ತೂಕ. (ದುಡ್ಡು ಬರುವ ಎಟಿಎಂ ಅಲ್ಲ, ದುಡ್ಡು ಹೋಗುವ ಎಟಿಎಂ.) ಉದಾಹರಣೆಗೆ ಟೇರ್ 2,050 ಕೆಜಿ, ಎಟಿಎಂ 2,500 ಕೆಜಿ ಎಂದಿಟ್ಟುಕೊಳ್ಳಿ. ನಿಮಗೆ ಸಿಕ್ಕಿದ್ದು 450 ಕೆಜಿ. ಕೇಳಲು ಬಹಳ ಅನ್ನಿಸುತ್ತದೆ. 80 ಲೀಟರಿನ ಎರಡು ಟ್ಯಾಂಕು ನೀರು 160 ಕೆಜಿ. ಎರಡು ಸಿಲಿಂಡರಿನ ಗ್ಯಾಸು 18. ಆಮೇಲೆ ಹಾಕಿಸಿದ ಬ್ಯಾಟರಿ, ಸೋಲಾರ್ ಹಲಗೆ 35. ಚಪ್ಪರದ ಬಟ್ಟೆ, ಕುರ್ಚಿ, ಮೇಜು 40. ಪೈಪು, ವೈರು, ಜಾಕು, ಉಪಕರಣ 40. ಬಟ್ಟೆ, ಹಾಸಿಗೆ 50. ದಿನಸಿ, ಪಾತ್ರೆ 60. ಕೂಡಿದರೆ 403. ಉಳಿದದ್ದು 47 ಕೆಜಿ, ಇನ್ನೂ ಅಕ್ಕಿಮೂಟೆ ಒಳಗೆ ಬಂದಿಲ್ಲ. ದೋಸೆಹಿಟ್ಟಿಗೆಂದು ಕಲ್ಲಿನ ಗ್ರೈಂಡರ್ ಎತ್ತಿಡುವವರಿದ್ದಾರೆ. ಅದು ಹತ್ತು ಕೆಜಿ ದಾಟುತ್ತದೆ. ರವೆ ಇಡ್ಲಿಗೆ ಗ್ರೈಂಡರ್ ಬೇಡ, ಅಷ್ಟು ಹೇಳಬಹುದು.

ಇಷ್ಟಕ್ಕೇ ಮುಗಿಯಲಿಲ್ಲ. ಟೋ ಬಾಲ್ ಮೇಲೆ ಕೂರುವ 245 ಕೆಜಿಯಷ್ಟು ಭಾರ ಕಾರಿನ ಹೊರೆಯ ಲೆಕ್ಕಕ್ಕೂ ಬರುತ್ತದೆ. ‘3,500 ಕೆಜಿ ಎಳೆಯುತ್ತದೆ’ ಎಂದು ಜಾಹೀರಾತಿನಲ್ಲಿ ಬರೆದಿದ್ದು ಕಾರು ಖಾಲಿ ಇದ್ದಾಗಿನ ಮಾತು. ಕಾರಿಗೆ ತನ್ನದೇ ಗರಿಷ್ಠ ತೂಕವಿದೆ, ಕಾರೂ ಕ್ಯಾರವಾನೂ ಸೇರಿದ್ದಕ್ಕೆ ಇನ್ನೊಂದು ಮಿತಿಯಿದೆ. ಕಾರು ಹೊರಬಹುದಾದ ಹೊರೆ 650 ಕೆಜಿ ಇದ್ದರೆ 245 ಟೋ ಬಾಲಿಗೆ ಹೋಯಿತು, ನಾಲ್ಕು ಜನರಿಗೆ 280 ಹೋಯಿತು, ಮುಂದಿನ ಕಬ್ಬಿಣದ ಬುಲ್‌ಬಾರಿಗೆ 60. ಉಳಿದ 65 ಕೆಜಿಯಲ್ಲಿ ಸೂಟ್‌ಕೇಸು, ಐಸ್‌ಬಾಕ್ಸು, ಚಾವಣಿಯ ಮೇಲಿನ ಸಾಮಾನು. ಊರಿನ ಹತ್ತಿರದ ವೇಬ್ರಿಜ್‌ಗೆ ತುಂಬಿದ ಗಾಡಿಯನ್ನೇ ಒಯ್ದು ತೂಗಿಸಿ. ಅಂದಾಜು ಯಾವತ್ತೂ ಕಡಿಮೆಯೇ ಇರುತ್ತದೆ.

ಟೋ ಬಾಲ್ ಭಾರವನ್ನು ಮನೆಯಲ್ಲೇ ತೂಗಬಹುದು. ಸಮತಟ್ಟಾದ ಜಾಗ, ಚಕ್ರಗಳಿಗೆ ಒತ್ತುಕಲ್ಲು. ಬಚ್ಚಲಿನ ತೂಕದ ಯಂತ್ರ 150 ಕೆಜಿಗೆ ನಿಂತುಬಿಡುತ್ತದೆ, ಅದಕ್ಕೊಂದು ಉಪಾಯ. ಗಟ್ಟಿ ತೊಲೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲಿಟ್ಟ ಪೈಪಿನ ತುಂಡಿನ ಮೇಲೂ, ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲೂ ಇಡಿ. ಪೈಪಿನಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ, ತೊಲೆಯ ಮೇಲೆ ಮರದ ತುಂಡು ನಿಲ್ಲಿಸಿ ಕಪ್ಲಿಂಗನ್ನು, ಅಂದರೆ ಟೋ ಬಾಲಿಗೆ ಸಿಕ್ಕಿಸುವ ಕೊಂಡಿಯನ್ನು, ಅದರ ಮೇಲೆ ಇಳಿಸಿ. ಮುಂದಿನ ಪುಟ್ಟ ಜಾಕಿ ಚಕ್ರ ನೆಲ ಬಿಟ್ಟಿರಬೇಕು. ಯಂತ್ರ ತೋರಿಸಿದ ಅಂಕಿಯಿಂದ ಬರೀ ತೊಲೆ ಮತ್ತು ಮರದ ತುಂಡಿನ ಅಂಕಿಯನ್ನು ಕಳೆದು ಮೂರರಿಂದ ಗುಣಿಸಿದರೆ ಟೋ ಬಾಲ್ ಭಾರ ಬಂತು. ಕಪ್ಲಿಂಗ್ ಕಾರಿಗೆ ಸಿಕ್ಕಿಸಿದಾಗ ಎಷ್ಟು ಎತ್ತರದಲ್ಲಿರುತ್ತದೋ ಅದೇ ಎತ್ತರದಲ್ಲಿ ತೂಗಬೇಕು. ಮೂತಿ ಎತ್ತಿದ್ದರೆ ಅಂಕಿ ಬದಲಾಗುತ್ತದೆ.

ಇಲ್ಲೊಂದು ಮೋಸವಿದೆ. ಹಿಂದಿನ ಬಂಪರಿನ ಮೇಲೆ ಎರಡು ಸ್ಟೆಪ್ನಿ, ಸೈಕಲ್ಲು, ಜೆರಿಕ್ಯಾನ್ ಕಟ್ಟಿ ಮೂಕಿ ಹಗುರಾಯಿತೆಂದು ಕಂಡಾಗ, ಮುಂದಿನ ಪೆಟ್ಟಿಗೆಗೆ ಅಷ್ಟೇ ಭಾರ ತುಂಬಿ ಶೇ. 10ಕ್ಕೆ ತರುವವರಿದ್ದಾರೆ. ಕಾಗದದ ಮೇಲೆ ಲೆಕ್ಕ ಸರಿ. ಆದರೆ ತಲೆಗೂ ಬಾಲಕ್ಕೂ ಗುಂಡು ಕಟ್ಟಿದ ಕೋಲನ್ನು ನಡುವೆ ಹಿಡಿದು ತಿರುಗಿಸಿ ನೋಡಿ. ಒಮ್ಮೆ ತೂಗಾಡಲು ಶುರುಮಾಡಿದರೆ ನಿಲ್ಲಿಸುವುದು ಕಷ್ಟ. ಭಾರವಾದದ್ದೆಲ್ಲ ಅಚ್ಚಿನ ಹತ್ತಿರ, ನೆಲಕ್ಕೆ ಹತ್ತಿರ. ಡಬ್ಬಿ ಆಹಾರ ಮೇಲಿನ ಕಪಾಟಿಗಲ್ಲ, ಅಚ್ಚಿನ ನೇರಕ್ಕಿರುವ ಸೀಟಿನಡಿಗೆ. ಮೇಲಿನ ಕಪಾಟಿಗೆ ಹಪ್ಪಳ, ಅವಲಕ್ಕಿ, ಟವೆಲ್ಲು.

ಗಾಡಿ ಕಟ್ಟಿದಾಗ ಕಾರಿನ ಹಿಂಭಾಗ ಕುಸಿದು ಮುಂಭಾಗ ಎದ್ದರೆ ಸ್ಟೀರಿಂಗಿನ ಚಕ್ರಗಳಿಗೆ ಹಿಡಿತ ಕಡಿಮೆ. ಅದಕ್ಕೆ ಭಾರ ಹಂಚುವ ಸ್ಪ್ರಿಂಗ್ ಸರಳುಗಳು ಸಿಗುತ್ತವೆ. ಮುಂದಿನ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಕಟ್ಟುವ ಮುಂಚೆ ಅಳೆಯಿರಿ, ಕಟ್ಟಿದ ಮೇಲೆ ಅಳೆಯಿರಿ. ಎದ್ದದ್ದರಲ್ಲಿ ಅರ್ಧದಷ್ಟು ವಾಪಸ್ಸು ತಂದರೆ ಸಾಕು. ಪೂರ್ತಿ ತರಲು ಬಿಗಿದರೆ ಹಿಂದಿನ ಚಕ್ರ ಹಗುರವಾಗಿ ಅದು ಬೇರೆ ಕಥೆಯಾಗುತ್ತದೆ. ಈ ಸರಳುಗಳು ಹೊರೆಯ ತಪ್ಪನ್ನು ಮುಚ್ಚುತ್ತವೆಯೇ ಹೊರತು ಸರಿಮಾಡುವುದಿಲ್ಲ.

ಬ್ರೇಕು. 750 ಕೆಜಿ ದಾಟಿದ ಕ್ಯಾರವಾನಿಗೆ ತನ್ನದೇ ಬ್ರೇಕ್ ಇರಲೇಬೇಕು. 2,000 ಕೆಜಿ ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಬೇಕು, ಕೊಂಡಿ ಕಳಚಿದರೆ ತಾನೇ ಹಿಡಿದುಕೊಂಡು 15 ನಿಮಿಷ ಬಿಡದೆ ನಿಲ್ಲುವ ಏರ್ಪಾಡೂ ಬೇಕು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬ್ರೇಕ್ ನಿಯಂತ್ರಕದ ಗುಂಡಿ ಇರುತ್ತದೆ. ಅದು ಎಲ್ಲಿದೆಯೆಂದು ಕೈಗೆ ಗೊತ್ತಿರಬೇಕು, ಕಣ್ಣಿಗಲ್ಲ. ಕ್ಯಾರವಾನ್ ಹಾವಿನಂತೆ ಆಡತೊಡಗಿದಾಗ ಕಾಲು ತಾನಾಗಿಯೇ ಕಾರಿನ ಬ್ರೇಕಿಗೆ ಹೋಗುತ್ತದೆ. ಅದೇ ತಪ್ಪು. ಕಾರು ನಿಧಾನವಾದರೆ ಹಿಂದಿನ ಗಾಡಿ ಅದನ್ನು ನೂಕುತ್ತದೆ, ಆಟ ಜೋರಾಗುತ್ತದೆ. ಸ್ಟೀರಿಂಗನ್ನು ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆದು, ಆ ಗುಂಡಿಯಿಂದ ಕ್ಯಾರವಾನಿನ ಬ್ರೇಕನ್ನು ಮಾತ್ರ ಒತ್ತಬೇಕು. ಬಾಲ ಹಿಡಿದು ಎಳೆದಂತೆ ಗಾಡಿ ನೇರವಾಗುತ್ತದೆ. ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳದೆ ಸೆಡೂನಾ ದಾಟಬಾರದು.

ಯಾಕೆಂದರೆ ಸೆಡೂನಾ ದಾಟಿದ ಮೇಲೆ ಗಾಳಿ ಶುರು. ದಕ್ಷಿಣದಲ್ಲಿ ಅಂಟಾರ್ಕ್ಟಿಕಾದವರೆಗೆ ಬರೀ ನೀರು, ಉತ್ತರದಲ್ಲಿ ಬರೀ ಬಯಲು, ತಡೆಯಲು ಗುಡ್ಡವಿಲ್ಲ. ಎದುರುಗಾಳಿಯ ಲೆಕ್ಕ ನೋಡಿ. ಗಾಡಿಯ ವೇಗ 90, ಎದುರುಗಾಳಿ 30 ಆದರೆ ಗಾಳಿಗೆ ನೀವು 120ರಲ್ಲಿ ಹೋದಂತೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಆದ್ದರಿಂದ 120ರ ವರ್ಗವನ್ನು 90ರ ವರ್ಗದಿಂದ ಭಾಗಿಸಿದರೆ ಸುಮಾರು 1.8. ಗೋಡೆಯಂಥ ಮೂತಿಯ ಕ್ಯಾರವಾನಿಗೆ ತಡೆ ಹತ್ತಿರಹತ್ತಿರ ಇಮ್ಮಡಿಯಾಯಿತು. 100 ಕಿ.ಮೀ.ಗೆ 16 ಲೀಟರ್ ಡೀಸೆಲ್ ಕುಡಿಯುತ್ತಿದ್ದ ಕಾರು 22 ಕುಡಿಯುವುದು ಹೀಗೆ. 80ಕ್ಕೆ ಇಳಿಸಿದರೆ ಆ 1.8 ಸುಮಾರು 1.5ಕ್ಕೆ ಬರುತ್ತದೆ. ಗಾಳಿ ವಿಪರೀತವಿದ್ದರೆ ಒಂದು ದಿನ ರೋಡ್‌ಹೌಸಿನಲ್ಲಿ ಕುಳಿತುಬಿಡುವುದು ಡೀಸೆಲಿಗಿಂತ ಅಗ್ಗ. ಹೊರಡುವುದೇ ಆದರೆ ಬೆಳಗಿನ ಹೊತ್ತು ವಾಸಿ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಏಳುತ್ತದೆ.

ಡೀಸೆಲ್ ಮುಗಿದುಹೋದೀತು ಎಂಬ ಹೆದರಿಕೆ ಮಾತ್ರ ಹಳೇ ಕಾಲದ್ದು. ಬಂಕಿನಿಂದ ಬಂಕಿಗೆ ಅತಿ ದೊಡ್ಡ ಅಂತರವೂ 200 ಕಿ.ಮೀ.ಗಿಂತ ಕಡಿಮೆ: ನಲ್ಲರ್‌ಬಾರ್ ರೋಡ್‌ಹೌಸಿನಿಂದ ಬಾರ್ಡರ್ ವಿಲೇಜ್, ಕೈಗೂನಾದಿಂದ ಬ್ಯಾಲಡೋನಿಯಾ, ಅಲ್ಲಿಂದ ನಾರ್ಸ್‌ಮನ್, ಮೂರೂ ಸುಮಾರು 180ರಿಂದ 190. ಗಾಡಿಯ ಬಾಲಕ್ಕೆ ಜೆರಿಕ್ಯಾನ್ ಕಟ್ಟಿಕೊಂಡು ಹೋಗುವುದು ಶೋಕಿ, ಜೊತೆಗೆ ಹಿಂದಿನಿಂದ ಯಾರಾದರೂ ಗುದ್ದಿದರೆ ಬೆಂಕಿ. ತುಂಬಿದ ಟ್ಯಾಂಕಿನಲ್ಲಿ ಹೊರಟು, ಅರ್ಧಕ್ಕೆ ಬಂದಾಗ ಸಿಕ್ಕ ಬಂಕಿನಲ್ಲಿ ತುಂಬಿಸಿ. ರಾತ್ರಿ ಹೆಚ್ಚಿನ ಬಂಕುಗಳು ಮುಚ್ಚುತ್ತವೆ ಎಂಬುದನ್ನಷ್ಟು ನೆನಪಿಟ್ಟರೆ ಸಾಕು. ರಾತ್ರಿ ಓಡಿಸಬಾರದ್ದಕ್ಕೆ ಬೇರೆ ಕಾರಣವೇ ಇದೆ. ಮುಸ್ಸಂಜೆಯಿಂದ ಬೆಳಗಿನವರೆಗೆ ಕಾಂಗರೂ, ವಾಂಬ್ಯಾಟ್, ಒಂಟೆ ಟಾರಿನ ಮೇಲೆ ಬರುತ್ತವೆ. ಪ್ರಾಣಿ ಎದುರಾದರೆ ನೇರವಾಗಿ ಬ್ರೇಕ್ ಹಾಕಬೇಕು, ಪಕ್ಕಕ್ಕೆ ಎಳೆಯಬಾರದು. ಕಾಂಗರೂ ತಪ್ಪಿಸಲು ಹೋಗಿ ಗಾಡಿ ಪಲ್ಟಿಯಾಗುತ್ತದೆ, ಕಾಂಗರೂ ಬದುಕಿಕೊಳ್ಳುತ್ತದೆ.

ರೋಡ್ ಟ್ರೇನ್‌ಗಳ ವಿಷಯ. ಎರಡು ಮೂರು ಟ್ರೇಲರ್ ಕಟ್ಟಿಕೊಂಡ ಈ ಲಾರಿಗಳು ಇಲ್ಲಿ 36.5 ಮೀಟರ್ ಉದ್ದದವರೆಗೂ ಇರುತ್ತವೆ. ನೀವು 90ರಲ್ಲಿದ್ದರೆ ಅವು ನಿಮ್ಮನ್ನು ಹಿಂದೆ ಹಾಕಲೇಬೇಕು. ಲಾರಿಯ ಮೂತಿ ನೂಕುವ ಗಾಳಿ ಮೊದಲು ಕ್ಯಾರವಾನಿನ ಬಾಲಕ್ಕೆ ತಾಗಿ ಅದನ್ನು ಆಚೆ ತಳ್ಳುತ್ತದೆ. ಲಾರಿ ಮುಂದೆ ಸರಿದಂತೆ ಅದರ ಮಗ್ಗುಲಿನ ಕಡಿಮೆ ಒತ್ತಡ ನಿಮ್ಮನ್ನು ತನ್ನತ್ತ ಸೆಳೆಯುತ್ತದೆ. ಕೊನೆಯ ಟ್ರೇಲರ್ ದಾಟಿದಾಗ ಸೆಳೆತ ಒಮ್ಮೆಲೇ ಬಿಟ್ಟುಹೋಗುತ್ತದೆ. ಹತ್ತಾರು ಸೆಕೆಂಡಿನಲ್ಲಿ ಮೂರು ತರಹದ ಬಲ. ಗೊತ್ತಿದ್ದರೆ ಕೈ ಗಾಬರಿಯಾಗದು. ಅದು ಹಿಂದೆ ಬಂದಾಗಲೇ ಗಾಬರಿಯಿಂದ ನಿಧಾನ ಮಾಡಬೇಡಿ. ಚಾಲಕ ನಿಮ್ಮ ವೇಗ ನೋಡಿಯೇ ಅಂತರ ಲೆಕ್ಕ ಹಾಕಿರುತ್ತಾನೆ. ಒಂದೇ ವೇಗ, ಒಂದೇ ಗೆರೆ. ಅದು ಪೂರ್ತಿ ಬಲಗಡೆಯ ಸಾಲಿಗೆ ಬಂದ ಮೇಲೆ ಕಾಲು ಸ್ವಲ್ಪ ಸಡಿಲಿಸಿ. ಯುಎಚ್‌ಎಫ್ ರೇಡಿಯೋದಲ್ಲಿ, ಅಂದರೆ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋದಲ್ಲಿ, ಲಾರಿಯವರ ಚಾನೆಲ್ 40, ಕ್ಯಾರವಾನಿನವರದು 18. ‘ನಿಮ್ಮನ್ನು ನೋಡಿದ್ದೇನೆ, ಜಾಗವಾದಾಗ ಬನ್ನಿ’ ಎಂದು 40ರಲ್ಲಿ ಒಂದು ಮಾತು ಹೇಳಿದರೆ ಲಾರಿಯವರ ಧ್ವನಿಯೇ ಬದಲಾಗುತ್ತದೆ. ಕ್ಯಾರವಾನಿನ ಹಿಂದೆ ಚಾನೆಲ್ ಸಂಖ್ಯೆಯ ಚೀಟಿ ಅಂಟಿಸಿ, ರೇಡಿಯೋ ಮಾತ್ರ ಆಫ್ ಮಾಡಿಟ್ಟವರ ಮೇಲೆ ಅವರಿಗೆ ಬರುವ ಸಿಟ್ಟು ನ್ಯಾಯವಾದದ್ದೇ. ಇನ್ನು ಪಶ್ಚಿಮ ಆಸ್ಟ್ರೇಲಿಯಾದ ಗಡಿ ದಾಟಿದ ಮೇಲೆ ಗಾಡಿ ಎಳೆಯುವವರಿಗೆ ಮಿತಿ 100. ಫಲಕದಲ್ಲಿ 110 ಎಂದಿದ್ದರೂ ಅದು ನಿಮಗಲ್ಲ.

ಟೈರು ನೋಡಲು ಹೊಸದರಂತೆ ಹೊಳೆಯುತ್ತಿದ್ದರೂ ಮೋಸಹೋಗಬಾರದು. ಕ್ಯಾರವಾನ್ ಟೈರು ಸವೆದು ಸಾಯುವುದು ಅಪರೂಪ, ನಿಂತಲ್ಲೇ ಮುದಿಯಾಗಿ ಸಾಯುತ್ತದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ರ 23ನೇ ವಾರ ಹುಟ್ಟಿದ್ದು. ಆರೇಳು ವರ್ಷ ದಾಟಿದ್ದನ್ನು ಹಾಕಿಕೊಂಡು ಈ ದಾರಿಗೆ ಬರುವುದು ಬೇಡ. ಗಾಳಿಯ ಒತ್ತಡ ತಣ್ಣಗಿದ್ದಾಗ ತುಂಬಿಸಿ, ಒಂದು ಗಂಟೆ ಓಡಿದ ಮೇಲೆ ಮತ್ತೆ ನೋಡಿ. ಸಾಮಾನ್ಯ ಟೈರಿನಲ್ಲಿ 4 ಪಿಎಸ್‌ಐ, ಲೈಟ್ ಟ್ರಕ್ ಟೈರಿನಲ್ಲಿ 6 ಪಿಎಸ್‌ಐ ಏರಿದ್ದರೆ ಸರಿ. ಅದಕ್ಕಿಂತ ಹೆಚ್ಚು ಏರಿದ್ದರೆ ಬೆಳಿಗ್ಗೆ ತುಂಬಿಸಿದ್ದು ಕಡಿಮೆಯಾಗಿತ್ತು, ಟೈರು ಮಡಚಿ ಮಡಚಿ ಬಿಸಿಯಾಗಿದೆ ಎಂದರ್ಥ. ಬಿಸಿಯಾಗಿದೆಯೆಂದು ಗಾಳಿ ಬಿಡುವುದು ಅನೇಕರು ಮಾಡುವ ತಪ್ಪು. ಬಿಟ್ಟಷ್ಟೂ ಮಡಚುತ್ತದೆ, ಮಡಚಿದಷ್ಟೂ ಸುಡುತ್ತದೆ.

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಜಾತ್ರೆಗೆ ಹೊರಟ ಗಾಡಿ ಹೇಗೆ ಕೀರಲುತ್ತದೋ ಹಳಬರಿಗೆ ಗೊತ್ತು. ಕ್ಯಾರವಾನಿನ ಬೇರಿಂಗ್ ಕೀರಲುವುದಿಲ್ಲ. ಕೀರಲಿದರೂ ಕಾರಿನೊಳಗೆ ಕೂತವರಿಗೆ ಕೇಳುವುದಿಲ್ಲ. ವರ್ಷಕ್ಕೊಮ್ಮೆ, ಇಲ್ಲವೇ 10,000 ಕಿ.ಮೀ.ಗೊಮ್ಮೆ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿಸಬೇಕು. ಸಿಡ್ನಿಯಿಂದ ಹೊರಟು ಪರ್ತ್‌ಗೆ ಹೋಗಿ ಬರುವಷ್ಟರಲ್ಲಿ ಹತ್ತಿರಹತ್ತಿರ ಒಂದು ವರ್ಷದ ಓಟ ಮುಗಿದಿರುತ್ತದೆ. ಪ್ರತಿ ರೋಡ್‌ಹೌಸಿನಲ್ಲಿ ಇಳಿದ ತಕ್ಷಣ ಮಾಡಬೇಕಾದ ಕೆಲಸ ಕಾಫಿ ಅಲ್ಲ, ನಾಲ್ಕು ಚಕ್ರದ ನಡುವಿನ ಹಬ್‌ಗೆ ಅಂಗೈಯ ಹಿಂಭಾಗ ಹತ್ತಿರ ತಂದು ನೋಡುವುದು. ಎಲ್ಲವೂ ಒಂದೇ ತರಹ ಬೆಚ್ಚಗಿದ್ದರೆ ನಿಶ್ಚಿಂತೆ. ಒಂದು ಮಾತ್ರ ಸುಡುತ್ತಿದ್ದರೆ ಎರಡರಲ್ಲೊಂದು: ಬೇರಿಂಗ್ ಹೋಗುತ್ತಿದೆ, ಅಥವಾ ಆ ಚಕ್ರದ ಬ್ರೇಕ್ ಕಚ್ಚಿಕೊಂಡಿದೆ. ಜಾಕ್ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಕರಕರ ಎಂದರೆ ಬೇರಿಂಗ್, ಭಾರವಾಗಿ ಉಜ್ಜಿದರೆ ಬ್ರೇಕ್. ಒಂದು ಜೊತೆ ಬೇರಿಂಗ್, ಸೀಲ್, ಕಡಾಣಿಯ ಕೆಲಸ ಮಾಡುವ ಸ್ಪ್ಲಿಟ್ ಪಿನ್, ಗ್ರೀಸಿನ ಡಬ್ಬಿ, ಎಲ್ಲ ಸೇರಿ ಶೂ ಪೆಟ್ಟಿಗೆಯಷ್ಟು ಜಾಗ. ಕಾಕಲ್‌ಬಿಡಿಯಂಥ ನಡುದಾರಿಯ ರೋಡ್‌ಹೌಸಿನಲ್ಲಿ ನಿಂತು ನಿಮ್ಮ ಅಳತೆಯ ಬೇರಿಂಗ್ ತರಿಸಿಕೊಳ್ಳಲು ಹೋದರೆ ಎಷ್ಟು ದಿನವಾದೀತು ಎಂದು ಯೋಚಿಸಿದರೆ ಆ ಪೆಟ್ಟಿಗೆಗೆ ಜಾಗ ಸಿಗುತ್ತದೆ. ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನು ಮೊದಲ 50ರಿಂದ 100 ಕಿ.ಮೀ. ಒಳಗೆ ಮತ್ತೊಮ್ಮೆ ಬಿಗಿಯಬೇಕು. ಅಲಾಯ್ ಚಕ್ರಗಳಿಗಂತೂ ಇದು ಕಡ್ಡಾಯ.

ಫ್ರಿಜ್ಜಿನ ಬಗ್ಗೆ ದೂರು ಬಹಳ. ‘ಕರೆಂಟಿನಲ್ಲಿ ಚೆನ್ನಾಗಿ ಓಡುತ್ತೆ, ದಾರಿಯಲ್ಲಿ ಹಾಲು ಒಡೆಯುತ್ತೆ.’ ಗ್ಯಾಸ್, ಮನೆ ಕರೆಂಟು, 12 ವೋಲ್ಟ್ ಮೂರರಲ್ಲೂ ಓಡುವ ಹಳೇ ಮಾದರಿಯದಾದರೆ ಕಾರಿನಿಂದ ಸುಮಾರು 15 ಆಂಪಿಯರ್ ಎಳೆಯುತ್ತದೆ. ಕಾರಿನ ಬ್ಯಾಟರಿಯಿಂದ ಫ್ರಿಜ್ಜಿಗೆ ಹತ್ತು ಮೀಟರ್ ತಂತಿ, ಹೋಗಿಬರುವುದು ಇಪ್ಪತ್ತು. ಅಂಗಡಿಯಲ್ಲಿ ‘6 ಎಂಎಂ’ ಎಂದು ಮಾರುವ ವಾಹನದ ತಂತಿಯಲ್ಲಿ 6 ಎಂಬುದು ಹೊರಗಿನ ಪ್ಲಾಸ್ಟಿಕ್ ಸೇರಿದ ದಪ್ಪ. ಒಳಗಿನ ತಾಮ್ರ ಸುಮಾರು 4.6 ಚದರ ಮಿ.ಮೀ. ಮಾತ್ರ. ಅದರಲ್ಲೇ ಒಂದು ವೋಲ್ಟ್‌ಗೂ ಸ್ವಲ್ಪ ಹೆಚ್ಚು ಕಳೆದುಹೋಗುತ್ತದೆ. ‘4 ಎಂಎಂ’ ತಂತಿಯಾದರೆ ಎರಡೂವರೆ ವೋಲ್ಟ್ ದಾಟುತ್ತದೆ, ಫ್ರಿಜ್ಜಿಗೆ ತಲುಪುವುದು ತಣಿಸಲಾರದ ಉಳಿಕೆ. ದೋಷ ಫ್ರಿಜ್ಜಿನದಲ್ಲ, ತಂತಿಯದು. ಅದಕ್ಕಾಗಿ ಗ್ಯಾಸ್ ಹೊತ್ತಿಸಿಕೊಂಡು ಓಡಿಸುವ ಉಪಾಯ ಮಾತ್ರ ಬೇಡವೇ ಬೇಡ. ಉರಿಯುವ ಜ್ವಾಲೆಯ ಜೊತೆ ಬಂಕಿನೊಳಗೆ ಹೋದಂತಾಗುತ್ತದೆ.

ನೀರು. ರೋಡ್‌ಹೌಸುಗಳಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಲು ನೀರು ಕೇಳುವುದು ಬೇಸಿಗೆಯ ಬಯಲುಸೀಮೆಯಲ್ಲಿ ನೆಂಟರ ಮನೆಗೆ ಹೋಗಿ ಹಂಡೆ ನೀರು ಕೇಳಿದಂತೆ. ಅವರದೂ ಬೋರಿನ ಉಪ್ಪುನೀರು, ಇಲ್ಲವೇ ಶೇಖರಿಸಿದ ಮಳೆನೀರು, ಇಲ್ಲವೇ ಲಾರಿಯಲ್ಲಿ ತರಿಸಿದ್ದು. ಸೆಡೂನಾದಲ್ಲೋ ನಾರ್ಸ್‌ಮನ್‌ನಲ್ಲೋ ತುಂಬಿಸಿಕೊಂಡದ್ದರಲ್ಲೇ ದಾಟಬೇಕು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ಎಂದರೆ ಇಬ್ಬರಿಗೆ ನಾಲ್ಕು ದಿನಕ್ಕೆ 40. ಪಾತ್ರೆ, ಕೈಕಾಲು ತೊಳೆಯಲು ಇನ್ನೊಂದು 40. ಅಲ್ಲಿಗೆ ಒಂದೇ ಟ್ಯಾಂಕು ಸಾಕು. ಅಚ್ಚಿನ ಮುಂದಿರುವ ಟ್ಯಾಂಕನ್ನು ಪೂರ್ತಿ ತುಂಬಿಸಿ, ಹಿಂದಿನದನ್ನು ಖಾಲಿ ಬಿಡಿ. ಅರ್ಧ ತುಂಬಿದ ಟ್ಯಾಂಕಿನ ನೀರು ಓಲಾಡುತ್ತದೆ, ಹಿಂದಿನ ಟ್ಯಾಂಕಿನ ಭಾರ ಮೂಕಿಯನ್ನು ಎತ್ತುತ್ತದೆ. ಕುಡಿಯುವ ನೀರಿನ 10 ಲೀಟರಿನ ಎರಡು ಕ್ಯಾನು ಕಾರಿನಲ್ಲೇ ಇರಲಿ. ಕ್ಯಾರವಾನಿನ ಹೊಟ್ಟೆಯಡಿ ಹೋಗುವ ನೀರಿನ ಪೈಪಿಗೆ ಒಂದು ಕಲ್ಲು ಬಡಿದರೆ ಸಾಕು, ಟ್ಯಾಂಕೇ ಬರಿದಾಗುತ್ತದೆ. ನಲ್ಲಿ ತಿರುಗಿಸುವವರೆಗೂ ಗೊತ್ತಾಗುವುದಿಲ್ಲ.

ಇನ್ನು ಕರಿಬೇವು. ಮೆಲ್ಬರ್ನ್, ಅಡಿಲೇಡ್ ಕಡೆಯಿಂದ ಪರ್ತ್‌ಗೆ ಹೊರಡುವ ನಮ್ಮವರ ಐಸ್‌ಬಾಕ್ಸಿನಲ್ಲಿ ಹಿತ್ತಲಿನ ಕರಿಬೇವು, ಕೊತ್ತಂಬರಿ, ಹಸಿಮೆಣಸು, ನಿಂಬೆ ಇದ್ದೇ ಇರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಇಡೀ ದಿನವೂ ರಾತ್ರಿಯೂ ತಪಾಸಣೆ ಇರುತ್ತದೆ. ಹಸಿ ತರಕಾರಿ, ಹಣ್ಣು, ಜೇನುತುಪ್ಪ, ಗಿಡ, ಬೀಜ ಒಳಗೆ ಬಿಡುವುದಿಲ್ಲ. ವಾಪಸು ಬರುವಾಗ ಸೆಡೂನಾದಲ್ಲಿ ಇದೇ ಕೆಲಸ, ಹಣ್ಣಿನ ನೊಣದ ಭಯಕ್ಕೆ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಮುಚ್ಚಿಡದೆ ಹೇಳಿದರೆ ಬುಟ್ಟಿಗೆ ಹಾಕಿಸಿಕೊಂಡು ಕಳಿಸುತ್ತಾರೆ, ಮುಚ್ಚಿಟ್ಟು ಸಿಕ್ಕಿದರೆ ಎರಡೂ ಕಡೆ ದಂಡ. ಹಾಗಾಗಿ ಸಾಂಬಾರಿನ ಲೆಕ್ಕ ಗಡಿಯ ಹಿಂದಿನ ರಾತ್ರಿಗೆ ಮುಗಿಯಬೇಕು. ಇರುವ ತರಕಾರಿಯೆಲ್ಲ ಹಾಕಿ ಒಂದು ದೊಡ್ಡ ಪಾತ್ರೆ ಹುಳಿ ಮಾಡಿ, ಬೇಯಿಸಿದ್ದನ್ನು ತೋರಿಸಿ ಕೇಳಿ ಒಯ್ಯಿರಿ. ಗಡಿಯಾಚೆಗೆ ಒಣ ಸಾಮಾನು: ಅವಲಕ್ಕಿ, ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಇಡಿ ಕಾಳುಗಳನ್ನು ಬೀಜವೆಂದು ತಿಳಿಯುವ ಸಂಭವವಿದೆ, ಅಂಗಡಿಯ ಪೊಟ್ಟಣ ಒಡೆಯದೆ ಇರಲಿ.

ಇಷ್ಟೆಲ್ಲ ಮಾಡಿ ದಾರಿಗೆ ಬಿದ್ದರೆ ಮೊದಲ ನಿರಾಶೆ ಏನೆಂದರೆ ಮರಗಳು. ನಲ್ಲರ್‌ಬಾರ್ ಎಂದರೆ ಲ್ಯಾಟಿನ್ನಿನಲ್ಲಿ ಮರವಿಲ್ಲದ್ದು. ಆದರೆ ಹೈವೇ ಬಯಲಿನ ದಕ್ಷಿಣದ ಅಂಚನ್ನು ಸವರಿಕೊಂಡು ಹೋಗುವುದರಿಂದ ನಿಜಕ್ಕೂ ಬೋಳಾದ ಭಾಗ ನಲ್ಲರ್‌ಬಾರ್ ರೋಡ್‌ಹೌಸಿನ ಆಸುಪಾಸಿನಲ್ಲಿ ಸ್ವಲ್ಪವೇ. ಉಳಿದೆಡೆ ಕುರುಚಲು ನೀಲಗಿರಿ ಜಾತಿಯ ಮ್ಯಾಲಿ ಮರಗಳು. ಎರಡನೆಯ ನಿರಾಶೆ, ಕರಾವಳಿಯ ದಾರಿಯೆಂದು ಬಂದರೆ ಸಮುದ್ರವೇ ಕಾಣುವುದಿಲ್ಲ. ಅದು ಕೆಲವೇ ಕಿಲೋಮೀಟರ್ ದೂರದಲ್ಲಿದ್ದರೂ ನೆಲದ ಮಟ್ಟಕ್ಕಿಂತ ಬಹಳ ಕೆಳಗಿದೆ. ಹೈವೇ ಬಿಟ್ಟು ಎಡಕ್ಕೆ ತಿರುಗಿ ಅಂಚಿಗೆ ನಡೆದರೆ ಮಾತ್ರ ನೆಲ ಒಮ್ಮೆಲೇ ಮುಗಿಯುತ್ತದೆ. ಬುಂಡಾ ಬಂಡೆಗೋಡೆ 60ರಿಂದ 120 ಮೀಟರ್ ಎತ್ತರ. ಬುಡದಲ್ಲಿ ಸೀಮೆಸುಣ್ಣದಂಥ ಬಿಳಿ ಪದರ, ಮೇಲೆ ಕಂದು ಪದರ. ಎಲ್ಲವೂ ಒಂದು ಕಾಲದ ಸಮುದ್ರದ ತಳ. ಅಂಚಿನ ಕೆಳಗೆ ಅಲೆಗಳು ಕೊರೆದಿರುತ್ತವೆ, ಮೇಲೆ ನಿಂತವರಿಗೆ ತಮ್ಮ ಕಾಲಡಿ ಪೊಳ್ಳೆಂದು ಕಾಣುವುದಿಲ್ಲ. ವೀಕ್ಷಣೆಗೆಂದು ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ನಿಲ್ಲಿ. ಅಂಚಿನಲ್ಲಿ ಕ್ಯಾರವಾನ್ ನಿಲ್ಲಿಸಿ ತೆಗೆದ ಫೋಟೋಗಳು ಚೆನ್ನಾಗಿರುತ್ತವೆ, ಆದರೆ ರಾತ್ರಿ ಎದ್ದ ಅಡ್ಡಗಾಳಿಗೆ ಗಾಡಿಯ ಮಗ್ಗುಲು ಹಾಯಿಯಂತೆ ಎಂಬುದು ಫೋಟೋದಲ್ಲಿ ಬರುವುದಿಲ್ಲ.

ನಲ್ಲರ್‌ಬಾರ್ ರೋಡ್‌ಹೌಸಿಗೆ ಸುಮಾರು 20 ಕಿ.ಮೀ. ಮುಂಚೆ ಹೆಡ್ ಆಫ್ ಬೈಟ್ ಎಂಬಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಸದರ್ನ್ ರೈಟ್ ತಿಮಿಂಗಿಲಗಳು ಮರಿಹಾಕಲು ಬರುತ್ತವೆ. ದಡದ ಹಲಗೆ ದಾರಿಯಿಂದಲೇ, ದುರ್ಬೀನೂ ಬೇಡದೆ, ತಾಯಿಯ ಪಕ್ಕಕ್ಕೆ ಅಂಟಿಕೊಂಡ ಮರಿ ಕಾಣುತ್ತದೆ. ಕೊಲ್ಲಲು ‘ಸರಿಯಾದ’ ತಿಮಿಂಗಿಲ ಎಂದು ಬೇಟೆಗಾರರು ಇಟ್ಟ ಹೆಸರು ಅದು. ನಿಧಾನ, ದಡಕ್ಕೆ ಹತ್ತಿರ, ಸತ್ತ ಮೇಲೂ ತೇಲುತ್ತದೆ ಎಂಬ ಕಾರಣಕ್ಕೆ. ಹೆಸರು ಉಳಿದಿದೆ, ಬೇಟೆ ನಿಂತಿದೆ.

ಹೈವೇಗೆ ಹೆಸರು ಕೊಟ್ಟ ಎಡ್ವರ್ಡ್ ಜಾನ್ ಏರ್ 1841ರಲ್ಲಿ ಇದೇ ಅಂಚಿನಲ್ಲಿ ಪಶ್ಚಿಮಕ್ಕೆ ನಡೆದವನು. ಜೊತೆಯಲ್ಲಿದ್ದ ಬ್ಯಾಕ್ಸ್‌ಟರ್ ನಡುದಾರಿಯಲ್ಲಿ ಕೊಲೆಯಾದ. ಕೊನೆಗೆ ಉಳಿದವರು ಏರ್ ಮತ್ತು ಆಲ್ಬನಿ ಕಡೆಯ ಮೂಲನಿವಾಸಿ ಯುವಕ ವೈಲಿ, ಇಬ್ಬರೇ. ಇಷ್ಟು ದೂರ ಅವರು ಬದುಕಿದ್ದಕ್ಕೆ ಮುಖ್ಯ ಕಾರಣ ಈ ನೆಲದ ಜನ ತೋರಿಸಿಕೊಟ್ಟ ವಿದ್ಯೆ: ಸಮುದ್ರದ ಪಕ್ಕದ ಮರಳದಿಬ್ಬದ ಬುಡ ಅಗೆದರೆ ಸಿಹಿನೀರು ಜಿನುಗುತ್ತದೆ. ನಮ್ಮ ಕಡೆ ಹೊಳೆಯ ಮರಳಿನಲ್ಲಿ ತೋಡುವ ವರತೆಯೇ ಅದು. ಮೇಲೆ ಮಳೆನೀರು, ಅಡಿಯಲ್ಲಿ ಭಾರವಾದ ಉಪ್ಪುನೀರು. ಆಳಕ್ಕೆ ತೋಡಿದರೆ ಕೆಟ್ಟಿತು.

ಪಶ್ಚಿಮ ಆಸ್ಟ್ರೇಲಿಯಾದ ಗಡಿ ದಾಟಿದೊಡನೆ ಸಿಗುವ ಯೂಕ್ಲಾದಲ್ಲಿ ಕ್ಯಾರವಾನನ್ನು ರೋಡ್‌ಹೌಸಿನಲ್ಲೇ ಬಿಟ್ಟು, ಕಾರಿನಲ್ಲಿ ನಾಲ್ಕೈದು ಕಿ.ಮೀ. ಮಣ್ಣುದಾರಿ ಇಳಿದರೆ 1877ರ ತಂತಿ (ಟೆಲಿಗ್ರಾಫ್) ಕಚೇರಿ ಸಿಗುತ್ತದೆ. ಸಿಗುತ್ತದೆ ಎಂದರೆ ಮರಳು ಆ ದಿನ ಬಿಟ್ಟಷ್ಟು ಸಿಗುತ್ತದೆ. 1890ರ ದಶಕದಲ್ಲಿ ಮೊಲಗಳ ದಂಡು ಬಂದು ದಿಬ್ಬಗಳ ಮೇಲಿನ ಹುಲ್ಲನ್ನೆಲ್ಲ ಮೇಯ್ದುಬಿಟ್ಟಿತು. ಹಿಡಿದಿಡುವ ಬೇರಿಲ್ಲದೆ ಮರಳು ನಡೆಯತೊಡಗಿತು. 1927ರಲ್ಲಿ ತಂತಿಯ ಸಾಲು ಉತ್ತರದ ರೈಲುಹಾದಿಗೆ ಹೋಯಿತು, ಕಚೇರಿ ಮುಚ್ಚಿತು. ಈಗ ಕಲ್ಲಿನ ಗೋಡೆ, ಹೊಗೆಗೂಡು, ಬಾಗಿಲಿನ ಕಂಡಿ, ಕಂಡಿಯ ಅರ್ಧಕ್ಕೆ ಬಿಳಿ ಮರಳು. ಗಾಳಿ ತಿರುಗಿದರೆ ಒಂದು ಕಿಟಕಿ ಹೊರಬರುತ್ತದೆ, ಇನ್ನೊಂದು ಮುಚ್ಚುತ್ತದೆ.

ಯೂಕ್ಲಾದ ಗಡಿಯಾರ ಬೇರೆ. ಅಡಿಲೇಡಿಗೂ ಪರ್ತ್‌ಗೂ ಚಳಿಗಾಲದಲ್ಲಿ ಒಂದೂವರೆ ಗಂಟೆ ವ್ಯತ್ಯಾಸ. ನಡುವಿನ ರೋಡ್‌ಹೌಸುಗಳು ತಮ್ಮದೇ ಲೆಕ್ಕದಲ್ಲಿ ಪರ್ತ್‌ಗಿಂತ 45 ನಿಮಿಷ ಮುಂದಿಟ್ಟುಕೊಂಡಿವೆ. ಅಧಿಕೃತವಲ್ಲ, ಆದರೆ ಅಡುಗೆಮನೆ ಮುಚ್ಚುವುದು ಆ ಗಡಿಯಾರಕ್ಕೇ. ಊರಿಗೆ ಫೋನು ಮಾಡುವವರಿಗೆ: ಅಲ್ಲಿ ರಾತ್ರಿ 8 ಎಂದರೆ ಬೆಂಗಳೂರಿನಲ್ಲಿ ಸಂಜೆ 4.45. ಸಿಗ್ನಲ್ ರೋಡ್‌ಹೌಸಿನ ಸುತ್ತಮುತ್ತ ಮಾತ್ರ, ಆಮೇಲೆ ಮುಂದಿನದರವರೆಗೂ ಮೌನ.

ಕೈಗೂನಾ ದಾಟಿದ ಮೇಲೆ 146.6 ಕಿ.ಮೀ. ನೆಟ್ಟಗಿನ ರಸ್ತೆ. ಬೆಂಗಳೂರಿನಿಂದ ಮೈಸೂರಿನಷ್ಟು ದೂರ, ಒಂದೂ ತಿರುವಿಲ್ಲದೆ. ಅಲ್ಲಲ್ಲಿ ಟಾರಿನ ಮೇಲೆ ಅಗಲವಾದ ಬಿಳಿ ಪಟ್ಟೆಗಳು ಕಾಣುತ್ತವೆ. ಅವು ತುರ್ತು ಚಿಕಿತ್ಸೆಗೆ ಬರುವ ಫ್ಲೈಯಿಂಗ್ ಡಾಕ್ಟರ್ ವಿಮಾನ ಇಳಿಯುವ ಜಾಗಗಳು, ಅಲ್ಲಿ ಗಾಡಿ ನಿಲ್ಲಿಸಬಾರದು. ನೇರ ರಸ್ತೆಯಲ್ಲಿ ನಿದ್ದೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿದ್ದೆಗಿಂತ ಮುಂಚೆ ಬರುವುದು ಇನ್ನೊಂದಿದೆ, ಕನ್ನಡಿ ನೋಡುವುದನ್ನು ಮರೆಯುವುದು. ಎರಡು ನಿಮಿಷಕ್ಕೊಮ್ಮೆ ಎರಡೂ ಕನ್ನಡಿ. ಟೈರಿನಿಂದ ಹೊಗೆ, ಬಿಚ್ಚಿಕೊಂಡ ಚಪ್ಪರದ ಬಟ್ಟೆ, ತೆರೆದ ಕಿಟಕಿ, ಯಾವುದೂ ಕಾರಿನೊಳಗೆ ಸದ್ದು ಮಾಡುವುದಿಲ್ಲ.

ನಾರ್ಸ್‌ಮನ್ ಒಂದು ಕುದುರೆಯ ಹೆಸರಿನ ಊರು. 1894ರಲ್ಲಿ ಗೊರಸಿನಿಂದ ನೆಲ ಕೆರೆದು ಚಿನ್ನದ ಗಟ್ಟಿ ತೋರಿಸಿತೆಂದು ಹೇಳುವ ಕುದುರೆಯದು. ಅದರ ಪ್ರತಿಮೆ ಪೇಟೆಯಲ್ಲಿದೆ, ವೃತ್ತದಲ್ಲಿ ತಗಡಿನ ಒಂಟೆಗಳಿವೆ. ಎಡಕ್ಕೆ ಹೋದರೆ ಎಸ್ಪೆರನ್ಸ್, ಬಲಕ್ಕೆ ಕಾಲ್ಗೂರ್ಲಿ. ಎತ್ತ ತಿರುಗುವ ಮುಂಚೆಯೂ ಸಿಹಿನೀರು ಸಿಕ್ಕಲ್ಲಿ ಕ್ಯಾರವಾನಿನ ಅಡಿಗೆ ಪೈಪು ಹಿಡಿದು ಉಪ್ಪುಧೂಳು ತೊಳೆಯಬೇಕು. ಬ್ರೇಕಿನ ವೈರು, ಸ್ಪ್ರಿಂಗು, ಪ್ಲಗ್ಗಿನ ಪಿನ್ನುಗಳು ಮೊದಲು. ಹಬ್‌ಗಳು ತಣ್ಣಗಾದ ಮೇಲೆ ಮಾತ್ರ. ಬಿಸಿ ಹಬ್ಬಿಗೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ, ಹೊಸ ಗ್ರೀಸು ಹಾಲಿನ ಬಣ್ಣಕ್ಕೆ ತಿರುಗುತ್ತದೆ.